ಕೌನ್ಸೆಲರ್ ನೇಮಕ ಆದ ಮೇಲೆ ಏನು? ಕಲಬುರಗಿ ಭಾಗದ ಕಾಲೇಜುಗಳ ಮುಂದಿರುವ ಪ್ರಶ್ನೆ

ಶಾಲೆ-ಕಾಲೇಜುಗಳಲ್ಲಿ ಕೌನ್ಸೆಲರ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿತು. ಸುದ್ದಿ ಓದಿದವರಿಗೆ ಗೊಂದಲ ಶುರುವಾಗಿದ್ದು ಆಮೇಲೆ. ನೂರು ಮಕ್ಕಳಿಗೆ ಒಬ್ಬರಾ? ನೀಟ್ ಕೋಚಿಂಗ್ ಸೆಂಟರಿಗೂ ಇದು ಅನ್ವಯ ಆಗುತ್ತಾ? ಈಗಿರುವ ಲೆಕ್ಚರರ್ ಒಬ್ಬರಿಗೇ ಆ ಕೆಲಸ ಒಪ್ಪಿಸಿದರೆ ನಡೆಯುತ್ತಾ?

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಈ ಪ್ರಶ್ನೆಗಳ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ಇಲ್ಲಿಯ ಒಂದು ಪಿಯು ಕಾಲೇಜಿನಲ್ಲಿ ತಾಂಡಾದಿಂದ ಬಂದ ಹುಡುಗ ಇರುತ್ತಾನೆ, ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗಿ ಇರುತ್ತಾಳೆ. ಔರಾದ್ ಕಡೆಯ ಮರಾಠಿ ಮನೆಮಾತಿನವರು, ಗುರುಮಠಕಲ್ ಕಡೆಯ ತೆಲುಗಿನವರು ಇರುತ್ತಾರೆ. ಅಪ್ಪ-ಅಮ್ಮ ದುಡಿಯಲು ಪುಣೆಗೋ ಬೆಂಗಳೂರಿಗೋ ಹೋಗಿ, ಅಜ್ಜಿಯ ಕೈಯಲ್ಲಿ ಬೆಳೆದ ಮಕ್ಕಳೂ ಇರುತ್ತಾರೆ. ಇವರೆಲ್ಲರ ಎದುರು ಕೂರುವ ಕೌನ್ಸೆಲರ್‌ಗೆ ಡಿಗ್ರಿಯೊಂದು ಇದ್ದರೆ ಸಾಕಾ?

ಸಾಕಾಗುವುದಿಲ್ಲ. ಎದುರಿಗಿರುವವರನ್ನು ಕೌನ್ಸೆಲರ್ ಹೇಗೆ ನೋಡುತ್ತಾರೆ, ಕಲಿತ ವಿಧಾನವನ್ನು ಅವರಿಗೆ ತಕ್ಕಂತೆ ಎಷ್ಟು ಬಗ್ಗಿಸುತ್ತಾರೆ ಅನ್ನುವುದರ ಮೇಲೆ ಕೆಲಸ ನಿಂತಿದೆ. ಯಾಕೆ ಅಂತ ನೋಡೋಣ.

ತೀರ್ಪು ಹೇಳಿದ್ದೇನು

ಮೊದಲು ಗೊಂದಲ ಬಿಡಿಸಿಕೊಳ್ಳೋಣ. ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು 2023ರಲ್ಲಿ ವಿಶಾಖಪಟ್ಟಣದಲ್ಲಿ ಸಾವಿಗೀಡಾದಳು. ಆ ಪ್ರಕರಣದ ತನಿಖೆಯನ್ನು ಸಿಬಿಐಗೆ ಒಪ್ಪಿಸುವಾಗ ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ಇಡೀ ದೇಶಕ್ಕೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. ಸರಕಾರ ಕಾನೂನು ಮಾಡುವವರೆಗೂ ಇವೇ ಕಾನೂನು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅನ್ನುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಅಂಕಿ ಆ ತೀರ್ಪಿನಲ್ಲೇ ಇದೆ.

100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಮಕ್ಕಳ ಮತ್ತು ಹದಿಹರೆಯದವರ ಮನಸ್ಸಿನ ಆರೋಗ್ಯದ ಬಗ್ಗೆ ಅವರಿಗೆ ತರಬೇತಿ ಆಗಿರಬೇಕು. ಅಂದರೆ ನೂರಕ್ಕೆ ಒಬ್ಬರು ಅನ್ನುವ ಲೆಕ್ಕ ಇದಲ್ಲ. ಮೂರು ಸಾವಿರ ಮಕ್ಕಳ ಕಾಲೇಜು ಒಬ್ಬರನ್ನಿಟ್ಟುಕೊಂಡು ಅಕ್ಷರಶಃ ನಿಯಮ ಪಾಲಿಸಿದ್ದೇವೆ ಅನ್ನಬಹುದು. ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟು ಕೌನ್ಸೆಲರ್‌ಗಳಿರಲಿ ಅಂತಲೂ ಕೋರ್ಟ್ ಹೇಳಿದೆ, ಆದರೆ ಎಷ್ಟು ಅಂತ ಸಂಖ್ಯೆ ಕೊಟ್ಟಿಲ್ಲ. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರ ಜೊತೆ ಒಪ್ಪಂದ ಇರಬೇಕು. ಕೋಚಿಂಗ್ ಸೆಂಟರ್, ಹಾಸ್ಟೆಲ್, ವಸತಿ ಅಕಾಡೆಮಿ ಎಲ್ಲಕ್ಕೂ ಇದು ಅನ್ವಯ. ಮೇಲ್ವಿಚಾರಣೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ.

ಸುದ್ದಿಯಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಅಂಶ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರು ಮೊದಲಾದ ಹಿನ್ನೆಲೆಯ ವಿದ್ಯಾರ್ಥಿಗಳ ಜೊತೆ ತಾರತಮ್ಯವಿಲ್ಲದೆ, ಸೂಕ್ಷ್ಮವಾಗಿ ನಡೆದುಕೊಳ್ಳಲು ಸಿಬ್ಬಂದಿಗೆ ತರಬೇತಿ ಕೊಡಬೇಕು ಅಂತಲೂ ಕೋರ್ಟ್ ಹೇಳಿದೆ. ನೇಮಕ ಸುಲಭ. ಕಷ್ಟ ಇರುವುದು ಇಲ್ಲಿ.

"ಅರ್ಹ" ಅಂದರೆ ಯಾರು?

ಇದಕ್ಕೆ ಎರಡು ಉತ್ತರಗಳಿವೆ, ಎರಡರ ಹಿಂದೆಯೂ ಜನರಿದ್ದಾರೆ.

ಮೊದಲನೆಯವರು ಡಿಗ್ರಿ ಬೇಕೇ ಬೇಕು ಅನ್ನುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಉಳಿದ ಮನಶ್ಶಾಸ್ತ್ರಜ್ಞರು, ಕೌನ್ಸೆಲರ್‌ಗಳು, ಸಮಾಜ ಕಾರ್ಯಕರ್ತರನ್ನು 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಕಾಯ್ದೆ ಒಂದೇ ಚೌಕಟ್ಟಿಗೆ ತಂದಿದೆ. ಎರಡು ವಾರದ ಆನ್‌ಲೈನ್ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಳ್ಳುವವರಿಂದ ಮಕ್ಕಳನ್ನು ಕಾಪಾಡಬೇಕು ಅನ್ನುವ ಈ ವಾದದಲ್ಲಿ ತಪ್ಪೇನಿಲ್ಲ.

ಎರಡನೆಯವರು ಇರುವ ಸ್ಥಿತಿ ನೋಡಿ ಅನ್ನುತ್ತಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಕಾಯಿಲೆ ಯಾವುದು ಅನ್ನುವುದರ ಮೇಲೆ, ಮಾನಸಿಕ ಸಮಸ್ಯೆ ಇರುವ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ದೊಡ್ಡ ಡಿಗ್ರಿ ಇರುವವರು ಸುರಪುರಕ್ಕೋ ಚಿಂಚೋಳಿಗೋ ಬಂದು ನೆಲೆಸುವವರೆಗೆ ಕಾಯುತ್ತಾ ಕೂರಲು ಆಗುತ್ತಾ? ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರಿಗೆ ಆರೆಂಟು ಭೇಟಿಯ ಕೌನ್ಸೆಲಿಂಗ್ ಮಾಡಿಸಿದರು. ಅದರಿಂದ ನಿಜವಾಗಿ ಗುಣ ಕಂಡಿತು, ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಕೌನ್ಸೆಲರ್‌ಗಳ ಬಳಿ ಮನಶ್ಶಾಸ್ತ್ರದ ಡಿಗ್ರಿ ಇರಲಿಲ್ಲ. ಅವರ ಕೆಲಸವನ್ನು ನಿಯಮಿತವಾಗಿ ಕೇಳಿ ತಿದ್ದುವ ವ್ಯವಸ್ಥೆ ಇತ್ತು.

ಈ ಕೊನೆಯ ಮಾತನ್ನು ನಮ್ಮವರು ಬಿಟ್ಟೇ ಬಿಡುತ್ತಾರೆ. ಸ್ಥಳೀಯರಿಗೆ ತರಬೇತಿ ಕೊಟ್ಟರೆ ಸಾಕು ಅನ್ನುವವರೂ ಮರೆಯುತ್ತಾರೆ, ಡಿಗ್ರಿ ಸಾಕು ಅನ್ನುವವರೂ ಮರೆಯುತ್ತಾರೆ.

ಮೊದಲ ಹತ್ತು ನಿಮಿಷ

ಕೌನ್ಸೆಲಿಂಗ್ ಅಂದರೆ ಮಾತು. ಆ ಮಾತಿಗೆ ಮುಂಚೆ ನಡೆಯುವ ಸಣ್ಣಪುಟ್ಟ ಸಂಗತಿಗಳೇ ಮುಂದಿನದನ್ನು ಅರ್ಧ ತೀರ್ಮಾನಿಸಿಬಿಟ್ಟಿರುತ್ತವೆ.

ಒಂದು ಫಾರ್ಮ್ ಇರುತ್ತದೆ. ಹೆಸರು, ಅಡ್ಡಹೆಸರು, ತಂದೆಯ ಹೆಸರು, ಊರು. ಈ ಭಾಗದಲ್ಲಿ ಅಡ್ಡಹೆಸರು ಕೇಳಿದರೆ ಜಾತಿ ಗೊತ್ತಾಗುತ್ತದೆ. ಅದರಲ್ಲೂ ತಿಳಿಯದಿದ್ದರೆ "ಯಾವ ಓಣಿ?" ಅನ್ನುವ ಪ್ರಶ್ನೆ ಇದ್ದೇ ಇದೆ. ಕೇಳಿದವರಿಗೆ ಅದು ಸುಮ್ನೆ ಪರಿಚಯದ ಮಾತು, ಹೇಳುವವರಿಗೆ ಅಲ್ಲ. ದೇವದಾಸಿ ತಾಯಿಯ ಮಗಳಿಗೆ "ತಂದೆಯ ಹೆಸರು" ಅನ್ನುವ ಖಾಲಿ ಗೆರೆಯೇ ಬಾಯಿ ಕಟ್ಟಲು ಸಾಕು. "ಪೋಷಕರ ಹೆಸರು" ಅಂತ ಬರೆದರೆ ಯಾರಿಗೂ ನಷ್ಟವಿಲ್ಲ.

ಆಮೇಲೆ ನೀವು-ನೀನು. ಇಲ್ಲಿ "ರೀ" ಹಚ್ಚದೆ ಮಾತಾಡಿದರೆ ತಕ್ಷಣ ಗೊತ್ತಾಗುತ್ತದೆ. ಡಾಕ್ಟರ ಮಗನಿಗೆ "ಬರ್ರಿ, ಕುಂದರ್ರಿ" ಅಂದವರು, ಕೂಲಿಯವನ ಮಗನಿಗೆ "ಏನಾಗ್ಯದ ನಿನಗ?" ಅಂದರೆ ಆ ವ್ಯತ್ಯಾಸ ಇಬ್ಬರಿಗೂ ಕೇಳಿಸುತ್ತದೆ. ಬುರ್ಖಾ ಹಾಕಿಕೊಂಡು ಬಂದ ಹುಡುಗಿ ಕೆಮಿಸ್ಟ್ರಿ ಪರೀಕ್ಷೆಯ ಹೆದರಿಕೆ ಹೇಳಿಕೊಳ್ಳಲು ಬಂದಿರಬಹುದು. ಕೌನ್ಸೆಲರ್ ತಲೆಯಲ್ಲಿ ಮಾತ್ರ "ಮನೆಯವರು ಓದಲು ಬಿಡುತ್ತಿಲ್ಲವೇನೋ" ಅನ್ನುವ ಕಥೆ ಆಗಲೇ ತಯಾರಾಗಿರುತ್ತದೆ. ಅವಳು ಕೆಮಿಸ್ಟ್ರಿ ಅಂದಷ್ಟೂ ಇವರು ಮನೆ ಅನ್ನುತ್ತಾರೆ. ಮುಂದಿನ ವಾರ ಅವಳು ಬರುವುದಿಲ್ಲ.

ಇದೆಲ್ಲ ಬರೀ ಶಿಷ್ಟಾಚಾರದ ಮಾತು ಅನ್ನಿಸಬಹುದು. ಸಂಶೋಧನೆ ಬೇರೆ ಹೇಳುತ್ತದೆ. ಕೌನ್ಸೆಲರ್‌ನ ಪ್ರಾಮಾಣಿಕತೆ, ಎದುರಿನವರ ನೋವು ಅರ್ಥ ಮಾಡಿಕೊಳ್ಳುವ ಗುಣ, ಷರತ್ತಿಲ್ಲದ ಗೌರವ, ಇವಿಲ್ಲದೆ ಬದಲಾವಣೆ ಆಗದು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ವಾದಿಸಿದ್ದರು. 2018ರಲ್ಲಿ ಸುಮಾರು 295 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಕೌನ್ಸೆಲರ್ ಮತ್ತು ಬಂದವರ ನಡುವಿನ ಸಂಬಂಧಕ್ಕೂ ಗುಣವಾಗುವುದಕ್ಕೂ 0.28ರಷ್ಟು ನಂಟು ಕಂಡಿತು (ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1). ಸಂಖ್ಯೆ ದೊಡ್ಡದಲ್ಲ, ಆದರೆ ಯಾವ ವಿಧಾನ ಬಳಸಿದರೂ ಯಾವ ದೇಶದಲ್ಲಿ ನೋಡಿದರೂ ಅದು ಹೆಚ್ಚುಕಡಿಮೆ ಹಾಗೇ ಬರುತ್ತದೆ. ವಿಧಾನ ಬದಲಾದರೆ ಆಗುವ ವ್ಯತ್ಯಾಸ ಇದಕ್ಕಿಂತ ಕಡಿಮೆ ಅಂತ ವಾದಿಸುವ ಸಂಶೋಧಕರೂ ಇದ್ದಾರೆ.

"ನಾನು ಜಾತಿ ನೋಡುವುದಿಲ್ಲ"

ಒಳ್ಳೆಯ ಕೌನ್ಸೆಲರ್‌ಗಳೇ ಹೇಳುವ ಮಾತಿದು. ಉದ್ದೇಶವೂ ಒಳ್ಳೆಯದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಕೂಡ ಜಾತಿ, ಧರ್ಮ, ವರ್ಗ, ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯದ ಆಧಾರದಲ್ಲಿ ಭೇದ ಮಾಡಬಾರದು ಅನ್ನುತ್ತದೆ. ಹಾಗಿದ್ದ ಮೇಲೆ ಜಾತಿ ನೋಡದೆ ಇರುವುದು ಸರಿಯೇ ಅಲ್ವಾ?

ತಾರತಮ್ಯ ಮಾಡದಿರುವುದು ಬೇರೆ. ತಾರತಮ್ಯ ಇದೆ ಅನ್ನುವುದನ್ನೇ ಕಾಣದಿರುವುದು ಬೇರೆ. "ಕ್ಲಾಸಿನಲ್ಲಿ ನನ್ನನ್ನು ಬೇರೆ ಥರ ನೋಡ್ತಾರೆ, ಲ್ಯಾಬಿನಲ್ಲಿ ನನ್ನ ಜೊತೆ ಯಾರೂ ಪಾರ್ಟ್ನರ್ ಆಗಲ್ಲ" ಅಂತ ಒಬ್ಬ ವಿದ್ಯಾರ್ಥಿ ಹೇಳಿದ ಅಂದುಕೊಳ್ಳಿ. ಇವತ್ತು ಹೆಚ್ಚು ಕಡೆ ಕಲಿಸುವ ವಿಧಾನ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ). ತಲೆಯಲ್ಲಿ ಬರುವ ಯೋಚನೆಗಳನ್ನು ಪರೀಕ್ಷೆ ಮಾಡಿ, ತಪ್ಪಿದ್ದರೆ ತಿದ್ದುವುದು ಅದರ ತಿರುಳು. ಜಾತಿ ಕಾಣದ ಕೌನ್ಸೆಲರ್ ಕೈಯಲ್ಲಿ ಈ ವಿಧಾನ ಏನಾಗುತ್ತದೆ ನೋಡಿ. "ಇನ್ನೊಬ್ಬರ ಮನಸ್ಸನ್ನು ನೀನು ಊಹಿಸುತ್ತಿದ್ದೀಯಾ, ಇದು ಯೋಚನೆಯ ತಪ್ಪು" ಅನ್ನುತ್ತಾರೆ. ಹುಡುಗ ಹೇಳಿದ್ದು ನಿಜವೇ ಆಗಿದ್ದರೆ, ಅವನಿಗೆ ಆದ ಅನ್ಯಾಯವನ್ನು ಅವನ ತಲೆಯೊಳಗಿನ ದೋಷ ಮಾಡಿದ ಹಾಗಾಯಿತು. ಅವನಿಗೆ ಎರಡು ಭಾರ. ಹೊರಗಿನದು ಹಾಗೇ ಇರುತ್ತದೆ, ಮೇಲೆ "ನಾನೇ ಸರಿಯಿಲ್ಲ" ಅನ್ನುವುದೊಂದು ಸೇರಿಕೊಳ್ಳುತ್ತದೆ.

ಇಲ್ಲಿ ಸಿಬಿಟಿಯನ್ನು ದೂರಬೇಕಿಲ್ಲ. ಯೋಚನೆ ನಿಜವೋ ಅಲ್ಲವೋ ಅಂತ ಸಾಕ್ಷ್ಯ ಹುಡುಕಿ ಅಂತಲೇ ಅದು ಹೇಳುತ್ತದೆ. ಸಾಕ್ಷ್ಯ ಹುಡುಕಲು ಲ್ಯಾಬಿನ ಕಡೆ ಹೋಗಬೇಕಾದ ಕೌನ್ಸೆಲರ್ ಕುರ್ಚಿ ಬಿಟ್ಟು ಏಳದಿದ್ದರೆ ಅದು ಧೋರಣೆಯ ದೋಷ.

ಬಡತನದ ವಿಷಯವೂ ಹೀಗೇ. ನೆಟೆ ರೋಗ ಬಂದು ತೊಗರಿ ಒಣಗಿದ ವರ್ಷ ಮನೆಯಿಂದ ಫೀಸಿನ ದುಡ್ಡು ಬರುವುದಿಲ್ಲ. ವಿದ್ಯಾರ್ಥಿ ಕ್ಲಾಸಿಗೆ ಬರುವುದು ಕಡಿಮೆಯಾಗುತ್ತದೆ. ಫೈಲಿನಲ್ಲಿ "ಓದಿನಲ್ಲಿ ಆಸಕ್ತಿ ಇಲ್ಲ" ಅಂತ ಬೀಳುತ್ತದೆ. ಅಂಥವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಮೊದಲು ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ನಿಂತಿದೆ ಅಂತ ಕೇಳುವುದೇ ಒಳ್ಳೆಯ ಕೌನ್ಸೆಲಿಂಗ್. ಅದು ನಮ್ಮ ಕೆಲಸ ಅಲ್ಲ ಅನ್ನುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗಿಲ್ಲ.

ಧೋರಣೆ ಬದಲಾಗುತ್ತಾ ಅನ್ನುವ ಅನುಮಾನ ಇರುವವರಿಗೆ ಒಂದು ಉದಾಹರಣೆ. 2021ರಲ್ಲಿ ಇಬ್ಬರು ಯುವತಿಯರ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಸಲಿಂಗ ಸಂಬಂಧದ ಬಗ್ಗೆ ತಮಗೆ ಸರಿಯಾಗಿ ತಿಳಿದಿಲ್ಲ ಅಂತ ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರೊಬ್ಬರ ಹತ್ತಿರ ಕೂತು ತಿಳಿದುಕೊಂಡು, ಆಮೇಲೆ ತೀರ್ಪು ಬರೆದರು. ಒಲವನ್ನು "ಸರಿಪಡಿಸುತ್ತೇವೆ" ಅನ್ನುವ ಚಿಕಿತ್ಸೆಯನ್ನು ತಡೆಯಲು ಹೇಳಿದ್ದೂ ಅದೇ ತೀರ್ಪು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಅಂತ ಘೋಷಿಸಿತು. ಹೈಕೋರ್ಟ್ ನ್ಯಾಯಮೂರ್ತಿ ಕಲಿಯಲು ಕೂರಬಹುದಾದರೆ ಕಾಲೇಜಿನ ಕೌನ್ಸೆಲರ್ ಕೂರಬಾರದಾ?

ನಮ್ಮವರೇ ಬೇಕಾ?

ಹಾಗಾದರೆ ಆಯಾ ಸಮುದಾಯದವರಿಗೆ ಆಯಾ ಸಮುದಾಯದ ಕೌನ್ಸೆಲರ್ ಕೊಟ್ಟರೆ ಆಯಿತಲ್ಲ ಅನ್ನಿಸುತ್ತದೆ. ಅಮೆರಿಕದಲ್ಲಿ ಜನಾಂಗದ ವಿಷಯದಲ್ಲಿ ಇದನ್ನು ಸಾಕಷ್ಟು ಪರೀಕ್ಷೆ ಮಾಡಿದ್ದಾರೆ. 2011ರಲ್ಲಿ ಅಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿದಾಗ ಕಂಡಿದ್ದು ಇಷ್ಟು: ಜನ ತಮ್ಮವರನ್ನೇ ಇಷ್ಟಪಡುತ್ತಾರೆ, ಆದರೆ ಗುಣವಾಗುವುದರಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಭಾಷೆಯ ಕಥೆ ಬೇರೆ. 2006ರ ಇನ್ನೊಂದು ಅಂಥದೇ ವಿಶ್ಲೇಷಣೆ ಪ್ರಕಾರ, ಬಂದವರ ತಾಯಿನುಡಿಯಲ್ಲೇ ಮಾಡಿದ ಚಿಕಿತ್ಸೆ ಇಂಗ್ಲಿಷಿನಲ್ಲಿ ಮಾಡಿದ್ದಕ್ಕಿಂತ ಸುಮಾರು ಎರಡು ಪಟ್ಟು ಪರಿಣಾಮ ತೋರಿತ್ತು.

ಈ ಭಾಗಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ ಅನ್ನಿಸುತ್ತದೆ. ಊರು ಚಿಕ್ಕದು. ಯಾದಗಿರಿಯಲ್ಲಿ ನಿಮ್ಮ ಜಾತಿಯದೇ ಕೌನ್ಸೆಲರ್ ಅಂದರೆ ಅವರಿಗೆ ನಿಮ್ಮ ಕಾಕಾ ಗೊತ್ತಿರುತ್ತಾರೆ, ಮುಂದಿನ ಮದುವೆಯಲ್ಲಿ ನಿಮ್ಮ ಅವ್ವನ ಪಕ್ಕ ಕೂತಿರುತ್ತಾರೆ. ಪ್ರೀತಿಯ ವಿಷಯ ಹೇಳಬೇಕಾದ ಹುಡುಗಿ ಹೊರಗಿನವರನ್ನೇ ಹುಡುಕುತ್ತಾಳೆ. ಆದರೆ ಭಾಷೆ? ದಖನಿಯಲ್ಲಿ ಅಳು ಬರುವವಳಿಗೆ ಪುಸ್ತಕದ ಕನ್ನಡದಲ್ಲಿ ಅಳು ಬರುವುದಿಲ್ಲ. ಹೊರಗಿನವರು, ಆದರೆ ಮನೆಮಾತು ಬಲ್ಲವರು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಪಕ್ಕದ ತಾಲ್ಲೂಕಿನಿಂದ ವಾರಕ್ಕೆರಡು ದಿನ ಬಂದು ಹೋಗುವವರನ್ನು ಮೂರು ಕಾಲೇಜುಗಳು ಹಂಚಿಕೊಂಡರೂ ನಡೆಯುತ್ತದೆ. ಫೋನಿನಲ್ಲೇ ಆಗಬೇಕಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಬೇಕಿಲ್ಲ. ಈ ನಂಬರನ್ನು ಹಾಸ್ಟೆಲುಗಳಲ್ಲಿ ಕಾಣುವಂತೆ ಹಾಕಬೇಕು ಅಂತಲೂ ಕೋರ್ಟ್ ಹೇಳಿದೆ.

ಮಾತು ಬಂದರೂ ವಿಧಾನ ಕೈಕೊಡಬಹುದು. "ಕಳೆದ ಎರಡು ವಾರಗಳಲ್ಲಿ ಚಟುವಟಿಕೆಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?" ಅಂತ ಪ್ರಶ್ನಾವಳಿ ಓದಿದರೆ ಕೂಲಿ ಮಾಡುವ ತಾಯಿ "ಇಲ್ರಿ" ಅನ್ನುತ್ತಾಳೆ. ಆಕೆಯ ಕಷ್ಟ ಮೈಯಲ್ಲಿ ಮಾತಾಡುತ್ತದೆ. ಎದಿ ಡವಡವ ಅಂತದ, ಕೈಕಾಲು ಸೆಳೀತಾವ, ತಲಿ ಜುಂ ಅಂತದ. "ಉಂಡದ್ದು ರುಚಿ ಹತ್ತತದೇನ್ರಿ? ರಾತ್ರಿ ನಿದ್ದಿ ಬರ್ತದ?" ಅಂದರೆ ಉತ್ತರ ಬೇರೆಯೇ ಬರುತ್ತದೆ. ಯೋಚನೆಗಳನ್ನು ಡೈರಿಯಲ್ಲಿ ಬರೆದುಕೊಂಡು ಬನ್ನಿ ಅನ್ನುವ ಮನೆಗೆಲಸವೂ ಇಂಥದ್ದೇ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರಷ್ಟಿತ್ತು, ರಾಜ್ಯದಲ್ಲೇ ಕಡಿಮೆ. ಬರೆಯಲು ಬಾರದವರಿಗೆ ಡೈರಿ ಕೊಟ್ಟು "ಸಹಕರಿಸುತ್ತಿಲ್ಲ" ಅಂತ ಷರಾ ಹಾಕುವುದು ಯಾವ ನ್ಯಾಯ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ ಅನ್ನಬಹುದು.

ದರ್ಗಾಕ್ಕೆ ಹೋಗಿ ಬಂದವರು

ಮನಸ್ಸಿನ ತೊಂದರೆ ಅಂದರೆ ಇಲ್ಲಿ ಬಹಳ ಜನ ಮೊದಲು ಹೋಗುವುದು ಆಸ್ಪತ್ರೆಗಲ್ಲ. ಗಾಳಿ ಸೋಕಿದೆ ಅಂತ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯನ ಹತ್ತಿರ ಹೋಗುತ್ತಾರೆ. ದರ್ಗಾಗಳಿಗೆ ಹೋಗುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ.

ಕೌನ್ಸೆಲರ್ ಇದನ್ನು ಕೇಳಿ ನಕ್ಕರೆ ಅಲ್ಲಿಗೆ ಮುಗಿಯಿತು. ಮುಂದಿನ ಸಲ ಆ ಮನೆಯವರು ದರ್ಗಾದ ವಿಷಯ ಮುಚ್ಚಿಡುತ್ತಾರೆ, ಮಾತ್ರೆ ಬಿಟ್ಟಿದ್ದನ್ನೂ ಮುಚ್ಚಿಡುತ್ತಾರೆ. ಹಾಗಂತ ಎಲ್ಲದಕ್ಕೂ ತಲೆಯಾಡಿಸಲೂ ಆಗುವುದಿಲ್ಲ. 2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಹತ್ತಿರದ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಹಿಂಸೆ ಕೊಡುವುದು ಕರ್ನಾಟಕದ 2017ರ ಮೌಢ್ಯಾಚರಣೆ ತಡೆ ಕಾಯ್ದೆ ಪ್ರಕಾರ ಅಪರಾಧ.

ನಡುವಿನ ದಾರಿ ಗುಜರಾತಿನಲ್ಲಿ ಕಂಡಿದೆ. ಅಲ್ಲಿಯ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆ ಮಾಡಿಸುವ ಮುಜಾವರರೇ ಜನರನ್ನು ಪಕ್ಕದಲ್ಲಿರುವ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ದುವಾವೂ (ಪ್ರಾರ್ಥನೆ) ಇರಲಿ, ದವಾವೂ (ಔಷಧ) ಇರಲಿ ಅನ್ನುವ ಒಪ್ಪಂದ. ಕೌನ್ಸೆಲರ್ ಕೂಡ ಇದನ್ನೇ ಮಾಡಬಹುದು. "ಹೋಗಿ ಬರ್ರಿ, ಆದರ ಗುಳಿಗಿ ಬಿಡಬ್ಯಾಡ್ರಿ" ಅನ್ನುವುದಕ್ಕೆ ನಂಬಿಕೆ ಬೇಕಿಲ್ಲ, ಗೌರವ ಸಾಕು.

ಸಲಹೆ ಕೊಡಬೇಕೋ ಬೇಡವೋ

ಕೌನ್ಸೆಲರ್ ಸಲಹೆ ಕೊಡಬಾರದು, ಬಂದವರೇ ದಾರಿ ಕಂಡುಕೊಳ್ಳಬೇಕು ಅಂತ ತರಬೇತಿಯಲ್ಲಿ ಕಲಿಸುತ್ತಾರೆ. ಕಲಬುರಗಿಯಲ್ಲಿ ಬಂದವರು "ನೀವೇ ಹೇಳ್ರಿ, ಏನ್ ಮಾಡ್ಲಿ?" ಅನ್ನುತ್ತಾರೆ. ಮೂರು ಸಲ "ನಿಮಗೇನನ್ನಿಸುತ್ತೆ?" ಅಂತ ವಾಪಸ್ ಕೇಳಿದರೆ, ಇವರಿಗೂ ಗೊತ್ತಿಲ್ಲ ಅಂತ ಎದ್ದು ಹೋಗುತ್ತಾರೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಭಾರತದ ಚಿಕಿತ್ಸೆಗೆ ಗುರು-ಚೇಲಾ ಸಂಬಂಧದ ಮಾದರಿ ಹೊಂದಬಹುದು ಅಂತ ಬರೆದಿದ್ದರು. ಅದಕ್ಕೆ ಎದುರು ವಾದವೂ ಇದೆ. ಗುರುವಿನ ಕುರ್ಚಿ ಸಿಕ್ಕರೆ ಕೌನ್ಸೆಲರ್ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಇಲ್ಲಿ ಜಾಸ್ತಿ ನಡೆಯುವುದೂ ಅದೇ.

ಇದರ ಕೆಟ್ಟ ರೂಪ ಕೌಟುಂಬಿಕ ಕೌನ್ಸೆಲಿಂಗ್‌ನಲ್ಲಿ ಕಾಣುತ್ತದೆ. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ "ಹೊಂದಿಕೊಂಡು ಹೋಗವ್ವ, ಮನಿ ಮುರ್ಕೋಬ್ಯಾಡ" ಅನ್ನುವುದು. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 2006ರ ನಿಯಮಗಳು, ಹೊಡೆದವನು ಕೌನ್ಸೆಲಿಂಗ್‌ನಲ್ಲಿ ತನ್ನ ಹಿಂಸೆಗೆ ಸಮರ್ಥನೆ ಕೊಡುವಂತಿಲ್ಲ ಅನ್ನುತ್ತವೆ. "ಅವನಿಗೂ ಸಿಟ್ಟು ಬರುವಂಗ ನೀನೇನರ ಅಂದಿರಬೇಕು" ಅಂತ ಕೌನ್ಸೆಲರೇ ಅಂದರೆ, ಅವನು ಕೊಡಬಾರದ ಸಮರ್ಥನೆಯನ್ನು ಇವರು ಕೊಟ್ಟ ಹಾಗಾಯಿತು.

ಒಂದು ಗೆರೆ ಎಳೆಯಬಹುದು. ದಾರಿಯ ವಿಷಯದಲ್ಲಿ ನೇರವಾಗಿ ಹೇಳಿ: ಯಾವ ಆಫೀಸಿಗೆ ಹೋಗಬೇಕು, ನಿದ್ದೆಗೆ ಏನು ಮಾಡಬೇಕು, ಮರುಪರೀಕ್ಷೆಗೆ ಅರ್ಜಿ ಹೇಗೆ. ಜೀವನದ ತೀರ್ಮಾನ, ಅಂದರೆ ಮದುವೆ, ಓದು ಬಿಡುವುದು, ಗಂಡನ ಮನೆ, ಇವುಗಳ ವಿಷಯದಲ್ಲಿ ಬಾಯಿ ಬಿಗಿ ಹಿಡಿಯಿರಿ.

ಮುಂದೇನಾಗಬಹುದು

ಮೊದಲ ಸಾಧ್ಯತೆ ಎಲ್ಲರೂ ಊಹಿಸಬಹುದಾದದ್ದು. ಇರುವ ಲೆಕ್ಚರರ್ ಒಬ್ಬರ ಬಾಗಿಲಿಗೆ "ಆಪ್ತ ಸಮಾಲೋಚಕರು" ಅನ್ನುವ ಬೋರ್ಡ್ ಬೀಳುತ್ತದೆ. ಇಂಟರ್ನಲ್ ಮಾರ್ಕ್ಸ್ ಹಾಕುವವರ ಹತ್ತಿರ ಯಾವ ಮಗುವೂ ಮನಸ್ಸು ಬಿಚ್ಚುವುದಿಲ್ಲ. ರೂಮು ಪ್ರಿನ್ಸಿಪಾಲರ ಚೇಂಬರ್ ಪಕ್ಕದಲ್ಲಿದ್ದರಂತೂ ಯಾರು ಒಳಗೆ ಹೋದರು ಅಂತ ಇಡೀ ಕಾಲೇಜು ನೋಡುತ್ತದೆ. ವರ್ಷದ ಕೊನೆಗೆ ರಿಜಿಸ್ಟರ್ ಖಾಲಿ. ಆಮೇಲೆ "ನಮ್ಮ ಮಕ್ಕಳಿಗೆ ಸಮಸ್ಯೆಯೇ ಇಲ್ಲ" ಅನ್ನುವ ತೀರ್ಮಾನ.

ಎರಡನೆಯದು ಖರ್ಚಿನ ಪ್ರಶ್ನೆ. ಗೋವಾದ ಪ್ರಯೋಗದಲ್ಲಿ ಇದ್ದ, ನಮ್ಮಲ್ಲಿ ಇಲ್ಲದ ವ್ಯವಸ್ಥೆ ಅಂದರೆ ಕೌನ್ಸೆಲರ್‌ನ ಕೆಲಸವನ್ನು ಇನ್ನೊಬ್ಬರು ಕೇಳಿ ತಿದ್ದುವುದು. ಧೋರಣೆ ಒಬ್ಬರೇ ಕೂತು ಬದಲಾಗುವಂಥದ್ದಲ್ಲ. "ನೀವು ಆ ಹುಡುಗನಿಗೆ ಯಾಕೆ ನೀನು ಅಂದಿರಿ?" ಅಂತ ಕೇಳುವವರು ಬೇಕು. ಇದು ನಮಗೆ ಹೊಸದೂ ಅಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಎಂಬತ್ತರ ದಶಕದಲ್ಲಿ ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ಊರಿನ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಿಂದೆ ತಜ್ಞರು ನಿಂತಿದ್ದರು. ಈಗ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಇದೆ. ತಿಂಗಳಿಗೊಮ್ಮೆ ಜಿಲ್ಲೆಯ ಕೌನ್ಸೆಲರ್‌ಗಳನ್ನು ಒಂದು ಕಡೆ ಕೂರಿಸಿ, ಹೆಸರಿಲ್ಲದೆ ಪ್ರಕರಣಗಳನ್ನು ಚರ್ಚಿಸಲು ದೊಡ್ಡ ಕಟ್ಟಡವೇನೂ ಬೇಕಿಲ್ಲ.

ಜಿಲ್ಲಾಧಿಕಾರಿಗಳ ಸಮಿತಿ ಏನು ಕೇಳುತ್ತದೆ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ. ಎಷ್ಟು ಜನರ ನೇಮಕ ಆಯಿತು ಅಂತ ಮಾತ್ರ ಕೇಳಿದರೆ ಬೋರ್ಡುಗಳೇ ಬರುತ್ತವೆ. ಒಂದು ಸಲ ಬಂದವರಲ್ಲಿ ಎರಡನೇ ಸಲ ಎಷ್ಟು ಜನ ಬಂದರು, ಸರಕಾರಿ ಹಾಸ್ಟೆಲಿನ ಮಕ್ಕಳು ಎಷ್ಟು, ಹುಡುಗಿಯರು ಎಷ್ಟು, ಕನ್ನಡ ಮನೆಮಾತಲ್ಲದವರು ಎಷ್ಟು ಅಂತ ಕೇಳಿದರೆ ಕೌನ್ಸೆಲರ್‌ನ ಧೋರಣೆ ಆ ಅಂಕಿಯಲ್ಲೇ ಕಾಣುತ್ತದೆ. ಈ ಲೆಕ್ಕಕ್ಕೆ ಯಾವ ವಿದ್ಯಾರ್ಥಿಯ ಹೆಸರೂ ಬೇಕಾಗಿಲ್ಲ.